ಸುಗಾಮೊ ಸೆರೆಮನೆಯ ಕಾಗದಗಳು

ಚಿರಂಜೀವಿ ಮಗಳಿಗೆ ಅಪ್ಪನ ಆಶೀರ್ವಾದಗಳು.

ವಿದೇಶಿ ಬಾತ್ಮೀದಾರಳಾಗಬೇಕೆಂಬ ಆಸೆಯನ್ನು ನೀನು ಬರೆದು ತಿಳಿಸಿದಂದಿನಿಂದ ಜಪಾನಿನ ಪತ್ರಕರ್ತ ಒಜಾಕಿ ಹೊತ್ಸುಮಿ ಅವರ ನೆನಪು ನನ್ನನ್ನು ಬಿಟ್ಟಿಲ್ಲ. ಜಪಾನಿನ ಆಳ್ವಿಕೆಯಲ್ಲಿದ್ದ ತೈವಾನಿನಲ್ಲಿ ಬೆಳೆದು, ಆಳುವವರು ಆಳಿಸಿಕೊಳ್ಳುವವರನ್ನು ಹೇಗೆ ನಡೆಸಿಕೊಳ್ಳುತ್ತಾರೆಂಬುದನ್ನು ಎಳವೆಯಲ್ಲೇ ಕಂಡಿದ್ದ ಅವರನ್ನು ಅಸಾಹಿ ಪತ್ರಿಕೆ 1928ರಲ್ಲಿ ಶಾಂಘೈಗೆ ಕಳುಹಿಸಿತು. ಅಮೆರಿಕದ ಲೇಖಕಿ ಆಗ್ನೆಸ್ ಸ್ಮೆಡ್ಲಿ ಅಲ್ಲಿ ಪರಿಚಯವಾದರು. ಆಕೆಯ ಕಾದಂಬರಿಯನ್ನು ಒಜಾಕಿ ಮುಂದೆ ಜಪಾನಿ ಭಾಷೆಗೆ ತಂದರು. ಜರ್ಮನ್ ಪತ್ರಕರ್ತನ ವೇಷದಲ್ಲಿದ್ದ ಸೋವಿಯತ್ ಗೂಢಚಾರ ರಿಚರ್ಡ್ ಸೋರ್ಗೆ ಜೊತೆಯಾದದ್ದೂ ಅಲ್ಲಿಯೇ.

1936ರ ಡಿಸೆಂಬರಿನಲ್ಲಿ ಚೀನಾದ ನಾಯಕ ಚಿಯಾಂಗ್ ಕೈ-ಷೆಕ್ ತಮ್ಮದೇ ಸೇನಾನಿಯ ಕೈಗೆ ಸೆರೆಸಿಕ್ಕಾಗ, ಅವರನ್ನು ಕೊಲ್ಲಲಾರರು, ಚೀನೀಯರು ಜಪಾನಿನ ವಿರುದ್ಧ ಒಂದಾಗುತ್ತಾರೆ ಎಂದು ಒಜಾಕಿ ಬರೆದದ್ದು ನಿಜವಾಯಿತು. ಆ ಹೆಸರೇ ಅವರನ್ನು 1938ರಲ್ಲಿ ಪ್ರಧಾನಿ ಕೊನೊಯೆ ಅವರ ಸಲಹೆಗಾರರ ಬಳಗಕ್ಕೆ ಒಯ್ದಿತು. ಅಲ್ಲಿ ಕಿವಿಗೆ ಬಿದ್ದದ್ದೆಲ್ಲ ಸೋರ್ಗೆಗೆ ತಲುಪುತ್ತಿತ್ತು. ಜಪಾನು ಸೋವಿಯತ್ ನೆಲದ ಮೇಲೆ ಬೀಳದೆ ದಕ್ಷಿಣಕ್ಕೆ ತಿರುಗಲಿದೆ ಎಂಬ 1941ರ ಸುಳಿವೂ ಅದರಲ್ಲಿತ್ತು.

ನೂರಾರು ಸಾವಿರ ಓದುಗರಿಗೆ ಸಲ್ಲಬೇಕಾದ ಸುದ್ದಿಯನ್ನು ಒಬ್ಬನ ಕಿವಿಗೆ ಉಸುರುವವರನ್ನು ವರದಿಗಾರರೆನ್ನಲು, ಸುದ್ದಿಮನೆಯಲ್ಲೇ ತಲೆ ನರೆತ ನನಗೆ ನಾಲಿಗೆ ಏಳದು. ಆದರೆ ತನ್ನ ದೇಶ ಹೂಡಿದ ಯುದ್ಧವನ್ನು ಒಪ್ಪದವನಿಗೆ ಆ ದಿನಗಳ ಜಪಾನಿನಲ್ಲಿ ಅದನ್ನು ಅಚ್ಚಿಗೆ ಕೊಡುವ ದಾರಿಯಾದರೂ ಎಲ್ಲಿತ್ತು? ಈ ಲೆಕ್ಕ ನನಗೆ ಇಂದಿಗೂ ಬಗೆಹರಿದಿಲ್ಲ. (ಮಗುವನ್ನು ಹೆದರಿಸುತ್ತಿದ್ದೀರಿ ಎಂದು ನಿನ್ನ ಅಮ್ಮ ಪಕ್ಕದಲ್ಲೇ ಗೊಣಗುತ್ತಿದ್ದಾಳೆ.)

1941ರ ಅಕ್ಟೋಬರ್ 15ರಂದು ಪೊಲೀಸರು ಅವರನ್ನು ಹಿಡಿದೊಯ್ದಾಗ ಮಗಳು ಯೋಕೊಗೆ ಹನ್ನೆರಡು ತುಂಬಿರಲಿಲ್ಲ. ಹೆಂಡತಿ ಎಯಿಕೊಗೆ ಗಂಡನ ಎರಡನೆಯ ಬದುಕಿನ ಸುಳಿವೇ ಇರಲಿಲ್ಲ. ಟೋಕಿಯೊದ ಸುಗಾಮೊ ಸೆರೆಮನೆಯಿಂದ ಇಬ್ಬರಿಗೂ ಬರೆದ ಕಾಗದಗಳು 1946ರಲ್ಲಿ ಪುಸ್ತಕವಾಗಿ ಬಂದು, ಸೋತು ಸುಣ್ಣವಾಗಿದ್ದ ಆ ದೇಶದಲ್ಲಿ ಮನೆಮಾತಾದವು. ಅಧಿಕಾರಿಗಳ ಕಣ್ಣು ದಾಟಿ ಹೋಗಬೇಕಾದ ಆ ಕಾಗದಗಳಲ್ಲಿ ಓದಿದ ಪುಸ್ತಕಗಳಿವೆ, ಹಸಿದವನು ನೆನೆಯುವ ಊಟವಿದೆ.

1944ರ ನವೆಂಬರ್ 7ರ ಬೆಳಿಗ್ಗೆ ಅವರು ಎಯಿಕೊಗೆ ಒಂದು ಕಾರ್ಡು ಬರೆದರು: ಚಳಿ ಏರುತ್ತಿದೆ, ಈ ವರ್ಷ ಸೌದೆ-ಇದ್ದಿಲಿಗೆ ಇನ್ನಷ್ಟು ಕೊರತೆಯಾದೀತು, ತಾನೂ ಧೈರ್ಯ ತಂದುಕೊಂಡು ಚಳಿಯನ್ನು ಎದುರಿಸುವೆ ಎಂದು. ಗಲ್ಲಿನ ಕರೆ ಬಂದದ್ದು ಅದೇ ಬೆಳಿಗ್ಗೆ.

ನಿನ್ನ ಅಪ್ಪ