ಸರದಿಯ ನೋಟ್‌ಬುಕ್ ತುಂಬಿತು, ಕೈ ಸೇರಿಸಿದವರಿಗೆಲ್ಲ ವಂದನೆ

ಕೋಲಾರದ ನಮ್ಮ ಸಭೆಯವರಿಗೂ, ಸಭೆಗೆ ಸೇರದಿದ್ದರೂ ಜೊತೆಗೆ ನಿಂತ ಅಕ್ಕಪಕ್ಕದ ಬೀದಿಯವರಿಗೂ ಯೇಸು ಕ್ರಿಸ್ತನ ನಾಮದಲ್ಲಿ ವಂದನೆಗಳು.

ಹಾಸಿಗೆ ಹಿಡಿದವರ ಮನೆಗಳಿಗೆ ಯಾರು ಯಾವಾಗ ಹೋಗಬೇಕು ಎಂದು ಬರೆದಿಡುತ್ತಿದ್ದ 200 ಪುಟದ ನೋಟ್‌ಬುಕ್ ಈ ವಾರ ತುಂಬಿತು. ಸರದಿಗೆ ಒಂದು ವರ್ಷವೂ ಆಯಿತು. ಕೃತಜ್ಞತಾ ಆರಾಧನೆಯಲ್ಲಿ ಎಲ್ಲರ ಹೆಸರು ಓದಿ ಎಂದು ಕೆಲವರು ಹೇಳಿದರು. ಓದುವುದಿಲ್ಲ. ಹೋದವರ ಹೆಸರು ಓದಿದರೆ ಯಾರ ಮನೆಗೆ ಹೋದರು, ಯಾಕೆ ಹೋದರು ಅನ್ನುವುದೂ ಹಿಂದೆಯೇ ಹೊರಬೀಳುತ್ತದೆ. ಅದರ ಬದಲು ಯಾವ ಕೆಲಸ ಯಾಕೆ ಬೇಕಾಯಿತು ಎಂದು ಬರೆಯುತ್ತಿದ್ದೇವೆ. ಮಾಡಿದವರಿಗೆ ತಮ್ಮ ಕೆಲಸದ ಗುರುತು ಸಿಗುತ್ತದೆ. ‘ಕೈ ಕೊಟ್ಟವರಿಗೆ’ ಎಂದು ಬರೆಯಲು ಹೊರಟಿದ್ದೆವು, ನಮ್ಮ ಕಡೆ ಆ ಮಾತಿಗೆ ಅರ್ಥವೇ ಬೇರೆ, ಹಾಗಾಗಿ ‘ಕೈ ಸೇರಿಸಿದವರಿಗೆ’.

ಮೊದಲ ವಂದನೆ ನಾಲ್ಕನೇ ತಿಂಗಳಲ್ಲಿ ಬಂದವರಿಗೆ. ಲಕ್ವ ಹೊಡೆದ ಮನೆಯ ಬಾಗಿಲಲ್ಲಿ ಮೊದಲ ಹದಿನೈದು ದಿನ ಚಪ್ಪಲಿ ಬಿಡುವುದಕ್ಕೂ ಜಾಗ ಇರುವುದಿಲ್ಲ. ಹಣ್ಣು, ಹಾರ್ಲಿಕ್ಸ್, ಕಣ್ಣೀರು, ಉದ್ದುದ್ದ ಪ್ರಾರ್ಥನೆ. ಮೂರು ತಿಂಗಳು ಕಳೆದರೆ ಮನೆಯವರ ಚಪ್ಪಲಿ ಮಾತ್ರ. ಬಂದವರ ಪ್ರೀತಿ ಸುಳ್ಳಾಗಿತ್ತು ಅಂತಲ್ಲ, ಯಾರ ಪಾಲಿಗೆ ಯಾವ ದಿನ ಎಂದು ಯಾರೂ ಬರೆದುಕೊಂಡಿರುವುದಿಲ್ಲ, ಅಷ್ಟೇ. ಅಪೊಸ್ತಲರ ಕೃತ್ಯಗಳ 6ನೇ ಅಧ್ಯಾಯದಲ್ಲೂ ಇದೇ ದೂರು: ದಿನದಿನದ ಊಟ ಹಂಚುವಾಗ ಕೆಲವು ವಿಧವೆಯರು ಬಿಟ್ಟುಹೋಗುತ್ತಿದ್ದಾರೆ ಎಂದು. ಆಗ ಸಭೆ ಏಳು ಜನರನ್ನು ಆರಿಸಿ ಆ ಕೆಲಸಕ್ಕೇ ಇಟ್ಟಿತು. ಪಟ್ಟಿ ಬರೆಯುವುದು ಆಫೀಸಿನ ಕೆಲಸ, ಭಕ್ತಿಗೂ ಅದಕ್ಕೂ ದೂರ ಎನ್ನುವವರು ಆ ಅಧ್ಯಾಯವನ್ನು ಇನ್ನೊಮ್ಮೆ ಓದಬೇಕು.

ಹಾಗೆಯೇ ‘ಆ ದಿನ ನನ್ನಿಂದ ಆಗಲ್ಲ’ ಎಂದು ಬಾಯಿಬಿಟ್ಟು ಹೇಳಿದವರಿಗೆ ವಿಶೇಷ ವಂದನೆ. ಆಗಲ್ಲ ಎಂದ ಜಾಗಕ್ಕೆ ಬೇರೆಯವರನ್ನು ಹಾಕಬಹುದು. ‘ನೋಡೋಣ’ ಎಂದ ಜಾಗಕ್ಕೆ ಯಾರನ್ನೂ ಹಾಕಲು ಬರುವುದಿಲ್ಲ. ರೇಷ್ಮೆ ಸಾಕುವವರು, ಹುಳ ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದ ಮೇಲೆ ಹಣ್ಣಾಗಿ ಗೂಡು ಕಟ್ಟುವ ಚಂದ್ರಿಕೆಗೆ ಹೋಗುವವರೆಗೆ, ಹೆಚ್ಚುಕಮ್ಮಿ ಒಂದು ವಾರ, ಮನೆ ಬಿಡುವಂತಿಲ್ಲ. ಹಸು ಕಟ್ಟಿದವರು ಡೇರಿಗೆ ಹಾಲು ಹಾಕುವ ಬೆಳಗ್ಗೆ, ಸಂಜೆ ಸಿಗುವುದಿಲ್ಲ. ಟೊಮೇಟೊ ಕಾಲದಲ್ಲಿ ಮಂಡಿಗೆ ಹೋಗುವವರಿಗೆ ಬೆಳಗ್ಗೆಯೆಂಬುದೇ ಇಲ್ಲ. ಬೆಂಗಳೂರಿಗೆ ದಿನಾ ಓಡಾಡುವವರಿಗೆ ಭಾನುವಾರ ಒಂದೇ. ಇದನ್ನೆಲ್ಲ ಮೊದಲೇ ಹೇಳಿಸಿಕೊಂಡು ಬರೆದ ಸರದಿ ನಿಂತಿತು. ಆರಾಧನೆಯ ಕೊನೆಗೆ ಎದೆ ತುಂಬಿ ಎತ್ತಿದ ಕೈಗಳನ್ನು ನಂಬಿ ಬರೆದ ಸರದಿ ಎರಡನೇ ವಾರವೇ ಹರಿದುಹೋಗುತ್ತದೆ.

ರಾತ್ರಿ ಪಾಳಿಯವರ ಕೆಲಸ ಎಲ್ಲಕ್ಕಿಂತ ಕಷ್ಟದ್ದು. ತಾನಾಗಿ ಹೊರಳಲಾರದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಎಲುಬು ಚರ್ಮಕ್ಕೆ ಹತ್ತಿರವಿರುವ ಕಡೆ, ಅಂದರೆ ಹಿಮ್ಮಡಿ, ಬೆನ್ನಿನ ಕೆಳತುದಿ, ಸೊಂಟದ ಪಕ್ಕ, ಭುಜ, ಮೊಣಕೈ, ತಲೆಯ ಹಿಂಭಾಗ, ಇಲ್ಲೆಲ್ಲ ಮೈಯ ಭಾರಕ್ಕೆ ರಕ್ತ ಓಡಾಟ ನಿಂತು ಮಾಂಸ ಒಳಗಿನಿಂದಲೇ ಸಾಯುತ್ತದೆ. ಹೊರಗೆ ಕಾಣುವಷ್ಟರಲ್ಲಿ ಒಳಗೆ ಹುಣ್ಣು ದೊಡ್ಡದಾಗಿರುತ್ತದೆ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ನೋಡಬೇಕು. ಒತ್ತಿದಾಗ ಬಿಳಚಿ ಮತ್ತೆ ಕೆಂಪಾದರೆ ಸದ್ಯಕ್ಕೆ ಭಯವಿಲ್ಲ. ಒತ್ತಿದರೂ ಕೆಂಪು ಹೋಗದಿದ್ದರೆ ಹುಣ್ಣು ಶುರುವಾಗಿದೆ, ಆ ಜಾಗದ ಮೇಲೆ ಇನ್ನು ಭಾರ ಬೀಳಬಾರದು, ಅಲ್ಲಿ ಎಣ್ಣೆ ಹಚ್ಚಿ ತಿಕ್ಕಲೂ ಬಾರದು. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣುವುದಿಲ್ಲ, ಪಕ್ಕದ ಚರ್ಮಕ್ಕಿಂತ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ಮುಟ್ಟಿಯೇ ತಿಳಿಯಬೇಕು. ಪೂರ್ತಿ ಪಕ್ಕಕ್ಕೆ ಮಲಗಿಸಿದರೆ ಸೊಂಟದ ಎಲುಬಿನ ಮೇಲೆ ಭಾರ ಬೀಳುತ್ತದೆ, ಬೆನ್ನಿಗೆ ದಿಂಬು ಕೊಟ್ಟು 30 ಡಿಗ್ರಿಯಷ್ಟು ಓರೆ ಮಾಡಿದರೆ ಸಾಕು. ಮೀನಖಂಡದ ಕೆಳಗೆ ದಿಂಬಿಟ್ಟರೆ ಹಿಮ್ಮಡಿ ಗಾಳಿಯಲ್ಲಿ ನಿಲ್ಲುತ್ತದೆ. ನಡುವೆ ತೂತಿರುವ ರಬ್ಬರ್ ರಿಂಗ್ ಬೇಡ, ಅದರ ಅಂಚೇ ಸುತ್ತಲಿನ ರಕ್ತವನ್ನು ತಡೆಯುತ್ತದೆ. ಏರ್ ಬೆಡ್ ಇದೆಯೆಂದು ಹೊರಳಿಸುವುದನ್ನು ಬಿಡುವುದೂ ತಪ್ಪು. ಲಕ್ವದಲ್ಲಿ ಸೋತ ಕೈಯನ್ನು ಹಿಡಿದು ಎಳೆದರೆ ಭುಜದ ಕೀಲು ಜಾರುತ್ತದೆ. ಮೈಕೆಳಗೆ ಒಂದು ಅಡ್ಡಬಟ್ಟೆ ಹಾಸಿ, ಇಬ್ಬರು ಎರಡು ಕಡೆ ಹಿಡಿದು ಎತ್ತಿ ಸರಿಸಬೇಕು. ಎಳೆದರೆ ಚರ್ಮ ಉಜ್ಜಿ ಕಿತ್ತುಬರುತ್ತದೆ.

ರಾತ್ರಿ 10ರಿಂದ 2, 2ರಿಂದ 6 ಎಂದು ಎರಡು ಪಾಳಿ. ಕೀರ್ತನೆ 121ರಲ್ಲಿ ಕಾಯುವಾತನು ತೂಕಡಿಸುವುದಿಲ್ಲ, ನಿದ್ದೆ ಮಾಡುವುದಿಲ್ಲ ಎಂಬ ಮಾತಿದೆ. ಅದನ್ನು ನಾವು ಬಹಳ ಸಲ ‘ನೀನೂ ಎಚ್ಚರವಾಗಿರು’ ಎಂಬ ಅರ್ಥದಲ್ಲಿ ಓದಿಬಿಡುತ್ತೇವೆ. ಮನೆಯ ಮಗಳಿಗೋ ಸೊಸೆಗೋ ಅದನ್ನು ತಿರುಗಿಸಿ ಹೇಳಬೇಕು: ಆತನು ಎಚ್ಚರವಾಗಿದ್ದಾನೆ, ನಾವೂ ಇಲ್ಲಿದ್ದೇವೆ, ನೀನು ಹೋಗಿ ಮಲಗಮ್ಮ. ಸಾಯಬೇಕೆಂದು ಗಿಡದ ಕೆಳಗೆ ಬಿದ್ದುಕೊಂಡ ಪ್ರವಾದಿ ಎಲೀಯನಿಗೂ ಮೊದಲು ಸಿಕ್ಕಿದ್ದು ನಿದ್ದೆ, ಬಿಸಿ ರೊಟ್ಟಿ, ನೀರು. ಅದೂ ಎರಡು ಸಲ. ದೇವರ ಪ್ರಶ್ನೆ ಬಂದದ್ದು ಆಮೇಲೆ.

ರೋಮಾಪುರದವರಿಗೆ ಬರೆದ ಪತ್ರದ 5ನೇ ಅಧ್ಯಾಯದಲ್ಲಿ ಉಪದ್ರವದಿಂದ ತಾಳ್ಮೆ, ತಾಳ್ಮೆಯಿಂದ ಅನುಭವ, ಅನುಭವದಿಂದ ನಿರೀಕ್ಷೆ ಎಂದು ಪೌಲನು ಮೆಟ್ಟಿಲು ಕಟ್ಟುತ್ತಾನೆ. ಅಲ್ಲಿ ತಾಳ್ಮೆ ಎಂದು ನಾವು ಓದುವ ಗ್ರೀಕ್ ಮಾತು ‘ಹುಪೊಮೊನೆ’, ಬಿಡಿಸಿದರೆ ‘ಕೆಳಗೆ ಉಳಿದಿರುವುದು’. ಹೊರೆಯ ಕೆಳಗಿಂದ ಜಾರಿಕೊಳ್ಳದೆ ಇರುವುದು. ಹಾಸಿಗೆಯ ಪಕ್ಕದಲ್ಲಿ ಈ ಮಾತಿಗೆ ಅಳತೆ ಬೇಕು. ‘ಇನ್ನೊಂದು ವರ್ಷ ತಾಳಿಕೋ’ ಎಂದರೆ ಯಾರ ಕೈಲೂ ಆಗದು. ಎರಡು ಗಂಟೆ ತಾಳಿಕೋ ಎಂದರೆ ಆಗುತ್ತದೆ. ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ಬೆಳಗ್ಗೆ ಬೆಳಗ್ಗೆ ಬಿದ್ದ ಆಹಾರವಾದ ಮನ್ನವನ್ನೂ ದೇವರು ದಿನಕ್ಕೆ ತಲೆಗೆ ಒಂದು ಓಮೆರ್ ಅಳತೆಯ ಲೆಕ್ಕದಲ್ಲೇ ಕೊಟ್ಟದ್ದು. ನಾಳೆಗೆಂದು ಎತ್ತಿಟ್ಟವರದು ಹುಳ ಬಿತ್ತು. ನಂಬಿಕೆಯ ಬಲವನ್ನು ಒಂದೇ ಸಲ ಒಂದು ವರ್ಷಕ್ಕೆ ತುಂಬಿಸಿಕೊಳ್ಳಲು ಉಪವಾಸ ಕೂಟಕ್ಕೆ ಹೋಗಿ, ಸೋಮವಾರ ಮಧ್ಯಾಹ್ನಕ್ಕೇ ಖಾಲಿಯಾಯಿತೆಂದು ತಮ್ಮನ್ನೇ ಬೈದುಕೊಳ್ಳುವವರು ಬಹಳ. ಖಾಲಿಯಾಗುವುದು ಸಹಜ. ನಾಳಿನದು ನಾಳೆ ಬೆಳಗ್ಗೆ ಬೀಳುತ್ತದೆ.

ಭಾನುವಾರ ಶಾಲೆಯ ಮಕ್ಕಳಿಗೆ ಒಂದು ದೊಡ್ಡ ವಂದನೆ ಉಳಿದಿದೆ. ಲಕ್ವದಲ್ಲಿ ಮಾತು ಬಿದ್ದುಹೋದವರಲ್ಲಿ ಕೆಲವರಿಗೆ, ನೀರು ಬೇಕು ಎನ್ನಲೂ ಆಗದಿದ್ದಾಗ, ಬಾಯಿಪಾಠವಾದ ಹಾಡು, ಪ್ರಾರ್ಥನೆ ಮಾತ್ರ ಬರುತ್ತದೆ. ಹೊಸದಾಗಿ ಮಾತು ಕಟ್ಟುವ ದಾರಿ ಬೇರೆ, ರಾಗದಲ್ಲಿ, ರೂಢಿಯಲ್ಲಿ ಕೂತ ಮಾತು ಬರುವ ದಾರಿ ಬೇರೆ. ಅದಕ್ಕೇ ಮಕ್ಕಳಿಗೆ ಹೇಳಿಕೊಟ್ಟದ್ದು ಇಷ್ಟು: ‘ಯೆಹೋವನು ನನಗೆ ಕುರುಬನು’ ಎಂದು ನಿಧಾನವಾಗಿ ಹೇಳಿ ನಿಲ್ಲಿಸಿ, ಮನಸ್ಸಿನಲ್ಲೇ ಹತ್ತು ಎಣಿಸಿ, ‘ಕೊರತೆಪಡೆನು’ ಎಂಬುದನ್ನು ಅವರಿಗೆ ಬಿಡಿ. ದೊಡ್ಡವರಿಗೆ ಆ ಹತ್ತು ಎಣಿಸುವುದು ಆಗುವುದಿಲ್ಲ, ಮೂರಕ್ಕೇ ತಾವೇ ಹೇಳಿಬಿಡುತ್ತಾರೆ. ಮಕ್ಕಳು ಕಾಯುತ್ತಾರೆ. ಓದುವ ಬೈಬಲ್ಲು ಅವರು ಕಲಿತ ಹಳೆಯ ಭಾಷಾಂತರವೇ ಆಗಿರಬೇಕು. ‘ಯೆಹೋವ’ ಎಂದು ಕಲಿತವರಿಗೆ ‘ಸರ್ವೇಶ್ವರ’ ಎಂದು ಓದಿದರೆ ಎಳೆ ತಪ್ಪುತ್ತದೆ. 2001ರಲ್ಲಿ ಗಣಿ ಮುಚ್ಚಿದ ಮೇಲೆ ಕೆ.ಜಿ.ಎಫ್. ಬಿಟ್ಟುಬಂದ ಮನೆಗಳಲ್ಲಿ ಮೊದಲು ಕಲಿತ ಪ್ರಾರ್ಥನೆ ತಮಿಳಿನದೋ ತೆಲುಗಿನದೋ ಆಗಿರಬಹುದು. ಕೇಳಿಕೊಂಡು ಹೋಗಬೇಕು.

ಎಲ್ಲ ದಿನವೂ 23ನೇ ಕೀರ್ತನೆಯೇ ಆಗಬೇಕೆಂದಿಲ್ಲ. 13ನೆಯದು ಆರೇ ವಚನ, ಮೊದಲ ಎರಡರಲ್ಲಿ ‘ಎಷ್ಟರವರೆಗೆ’ ಎಂದು ನಾಲ್ಕು ಸಲ ಕೇಳುತ್ತದೆ. 88ನೆಯದು ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ, ಕೊನೆಗೂ ಸಮಾಧಾನ ಹೇಳುವುದಿಲ್ಲ. ಅಂಥ ದಿನವೂ ದೇವರ ಮುಂದೆ ಹೇಳಬಹುದಾದ ದಿನವೇ ಎಂದು ತಿಳಿದವರಿಗೆ ಒಂದು ಭಾರ ಇಳಿಯುತ್ತದೆ.

ಕರ್ತನ ಭೋಜನವನ್ನು, ಅಂದರೆ ಯೇಸುವಿನ ನೆನಪಿಗೆ ಹಂಚುವ ರೊಟ್ಟಿ, ದ್ರಾಕ್ಷಾರಸವನ್ನು, ಮನೆಗೆ ತಂದ ಪಾದ್ರಿ ಅಯ್ಯನವರು ಪ್ರತಿ ಮನೆಯಲ್ಲೂ ಮೊದಲು ನುಂಗುವುದು ಹೇಗಿದೆ ಎಂದು ಕೇಳಿದ್ದಕ್ಕೆ ವಂದನೆ. ಲಕ್ವದ ನಂತರ ತೆಳ್ಳಗಿನ ದ್ರವವೇ ಬೇಗ ಶ್ವಾಸನಾಳಕ್ಕೆ ಜಾರುವುದು, ಗಟ್ಟಿ ಅಂಬಲಿಯಷ್ಟು ದಪ್ಪಗಿದ್ದರೆ ನಿಧಾನವಾಗಿ ಇಳಿಯುತ್ತದೆ. ಡಾಕ್ಟರು ಬಾಯಿಂದ ಕೊಡಬಹುದು ಎಂದಿದ್ದರೆ ಮಾತ್ರ, ರೊಟ್ಟಿಯ ಚೂರನ್ನು ದ್ರಾಕ್ಷಾರಸದಲ್ಲಿ ಮೆತ್ತಗಾಗುವವರೆಗೆ ನೆನೆಸಿ, ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ತಗ್ಗಿಸಿ, ಗಟ್ಟಿಯಿರುವ ಕಡೆಯ ದವಡೆಗೆ ಇಡುವುದು. ಸೋತ ಕಡೆಯ ಕೆನ್ನೆಯಲ್ಲಿ ಚೂರು ಉಳಿದಿದೆಯೇ ನೋಡುವುದು. ಊಟವಾಗಲಿ ಭೋಜನವಾಗಲಿ, ಅರ್ಧ ಗಂಟೆ ಮಲಗಿಸಬಾರದು. ನುಂಗಿದ ಮೇಲೆ ಕೆಮ್ಮು, ಗಂಟಲಲ್ಲಿ ಗೊರಗೊರ ಬಂದರೆ ನಿಲ್ಲಿಸಿ ಡಾಕ್ಟರಿಗೆ ಹೇಳಬೇಕು.

ಡಯಾಲಿಸಿಸ್ ಮನೆಗಳಿಗೆ ಎಳನೀರು ತರುವುದನ್ನು ನಿಲ್ಲಿಸಿದವರಿಗೂ ವಂದನೆ. ರೋಗಿಗೆ ಎಳನೀರು ತಂಪು ಎಂಬುದು ನಮ್ಮ ರಕ್ತದಲ್ಲೇ ಇದೆ. ಆದರೆ ಅದರ ತುಂಬ ಪೊಟ್ಯಾಸಿಯಂ. ಕೆಟ್ಟ ಮೂತ್ರಪಿಂಡ ಅದನ್ನು ಹೊರಹಾಕಲಾರದು, ಏರಿದರೆ ಹೃದಯದ ಬಡಿತವೇ ತಪ್ಪುತ್ತದೆ, ನಿಲ್ಲಲೂಬಹುದು. ಬಾಳೆಹಣ್ಣು, ಕಿತ್ತಳೆ, ನಮ್ಮೂರಿನ ಟೊಮೇಟೊ, ಎಲ್ಲಕ್ಕೂ ಇದೇ ಲೆಕ್ಕ. ತರಕಾರಿ ಬೇಯಿಸಿ ನೀರು ಬಸಿದರೆ ಪೊಟ್ಯಾಸಿಯಂ ಸಾಕಷ್ಟು ಆ ನೀರಿಗೆ ಹೋಗುತ್ತದೆ, ಅಂದರೆ ಬಸ್ಸಾರು ಬೇರೆಯವರಿಗೆ, ಪಲ್ಯ ರೋಗಿಗೆ. ಎಷ್ಟು ನೀರು, ಎಷ್ಟು ಉಪ್ಪು ಎಂಬುದು ಡಾಕ್ಟರು ಬರೆದ ಚೀಟಿಯಂತೆ. ವಾರಕ್ಕೆ ಸಾಮಾನ್ಯವಾಗಿ ಎರಡು ಮೂರು ಸಲ, ಒಂದೊಂದು ಸಲ ಸುಮಾರು ನಾಲ್ಕು ಗಂಟೆ ಯಂತ್ರದ ಪಕ್ಕ ಕೂತವರಿಗೆ ಹಣ್ಣಿಗಿಂತ ಜೊತೆಗೊಬ್ಬರು ಬೇಕು. ಕರೆದುಕೊಂಡು ಹೋಗಿ, ಕೂತು, ಸುಸ್ತಾದವರನ್ನು ವಾಪಸು ಕರೆತಂದ ಆಟೋದವರಲ್ಲಿ ಹೆಚ್ಚಿನವರು ನಮ್ಮ ಸಭೆಯವರಲ್ಲ. ಅವರಿಗೆ ಎರಡು ಕೈ ಜೋಡಿಸಿ ವಂದನೆ.

ಹೇಳದೆ ಉಳಿಸಿಕೊಂಡ ಮಾತುಗಳಿಗೂ ಥ್ಯಾಂಕ್ಸ್ ಹೇಳಬೇಕು. ಯಾರ ಪಾಪಕ್ಕೆ ಹೀಗಾಯಿತು ಎಂಬ ಪ್ರಶ್ನೆಯನ್ನು ಯೋಹಾನ 9ರಲ್ಲಿ ಶಿಷ್ಯರೇ ಕೇಳಿದರು, ಯೇಸು ಅದನ್ನು ಅಲ್ಲೇ ತಳ್ಳಿಹಾಕಿದನು. ಮಕ್ಕಳನ್ನೂ ಆಸ್ತಿಯನ್ನೂ ಆರೋಗ್ಯವನ್ನೂ ಕಳೆದುಕೊಂಡ ಯೋಬನ ಗೆಳೆಯರು ಏಳು ದಿನ, ಏಳು ರಾತ್ರಿ ಮಾತಿಲ್ಲದೆ ನೆಲದ ಮೇಲೆ ಕೂತದ್ದು ಅವರು ಮಾಡಿದ ಒಳ್ಳೆಯ ಕೆಲಸ. ಕೆಟ್ಟದ್ದು ಎಂಟನೇ ದಿನ ಬಾಯಿ ತೆರೆದಾಗ. ಇದಕ್ಕಿಂತ ಅಪಾಯದ ಮಾತು ಇನ್ನೊಂದಿದೆ: ‘ನಂಬಿಕೆ ಇದ್ದರೆ ಮಾತ್ರೆ ಯಾಕೆ?’ ಬಿ.ಪಿ. ಮಾತ್ರೆ ನಿಲ್ಲಿಸಿದರೆ ಎರಡನೇ ಸ್ಟ್ರೋಕ್ ಬರುವ ಸಂಭವ ಹೆಚ್ಚುತ್ತದೆ, ಫಿಟ್ಸ್ ಮಾತ್ರೆ ತಟಕ್ಕನೆ ನಿಲ್ಲಿಸಿದರೆ ಫಿಟ್ಸ್ ಮರುಕಳಿಸುತ್ತದೆ. ಯಾಕೋಬನ ಪತ್ರದ 5ನೇ ಅಧ್ಯಾಯ ಹಿರಿಯರನ್ನು ಕರೆಸಿ ಎಣ್ಣೆ ಹಚ್ಚಿ ಪ್ರಾರ್ಥಿಸಿ ಎನ್ನುತ್ತದೆ, ಔಷಧಿ ಬಿಡಿ ಎನ್ನುವುದಿಲ್ಲ. ಪ್ರಾರ್ಥನೆ ಮುಗಿಸಿ ‘ಅಕ್ಕ, ಎಂಟು ಗಂಟೆಯ ಮಾತ್ರೆ ಆಯ್ತಾ?’ ಎಂದು ಕೇಳಿದ ಹಿರಿಯರಿಂದ ಕಲಿಯುವುದು ಬಹಳವಿದೆ.

ಸರದಿಯ ಖರ್ಚಿಗೆಂದು ಹಿಡಿ ಅಕ್ಕಿ ಎತ್ತಿಟ್ಟ ತಾಯಂದಿರಿಗೆ, ಅಕ್ಕಿಯಿಲ್ಲದ ದಿನ ಹಿಡಿ ರಾಗಿ ಹಾಕಿದವರಿಗೆ ವಂದನೆ. ಡಬ್ಬಿ ಇಬ್ಬರ ಎದುರೇ ತೆರೆಯಿತು, ಇಬ್ಬರ ಸಹಿ ಬಿತ್ತು, ಡೈಪರ್, ಕೈಗವಸು, ಬಾಡಿಗೆ ಹಾಸಿಗೆ, ಎಲ್ಲದರ ರಸೀದಿಯೂ ಅಂಟಿಸಿದೆ. ನೋಡಬೇಕೆನ್ನುವವರು ನೋಡಬಹುದು.

ಬಾಗಿಲು ತೆರೆದ ಮನೆಯವರಿಗೆ ಏನು ಹೇಳುವುದು? ನಾರುವ ಕೋಣೆಯೊಳಗೆ, ಮಡಚದ ಬಟ್ಟೆಗಳ ನಡುವೆ ಬೇರೆಯವರನ್ನು ಬಿಟ್ಟುಕೊಳ್ಳುವುದು ಸರದಿಗೆ ಹೋಗುವುದಕ್ಕಿಂತ ಕಷ್ಟ. ಆಮೇಲೆ ತೀರಿಹೋದವರ ಮನೆಗಳಲ್ಲಿ ಈಗಲೂ ರಾತ್ರಿ ಎರಡಕ್ಕೆ ಎಚ್ಚರವಾಗುತ್ತದೆ. ಆ ಮನೆಯವರ ಹೆಸರು ಹೊಸ ನೋಟ್‌ಬುಕ್ಕಿನಲ್ಲೂ ಇರುತ್ತದೆ, ಹಾಸಿಗೆ ಖಾಲಿಯಾದ ಮನೆಗೂ ಮೂರು ತಿಂಗಳ ಸರದಿ ಬರೆದಿದ್ದೇವೆ.

ಹೊಸ ನೋಟ್‌ಬುಕ್ ಈ ಭಾನುವಾರ ಆರಾಧನೆಯ ನಂತರ ಹಿಂದಿನ ಮೇಜಿನ ಮೇಲೆ ಇರುತ್ತದೆ. ಪೆನ್ನನ್ನು ದಾರದಲ್ಲಿ ಕಟ್ಟಿದೆ, ದಯವಿಟ್ಟು ಬಿಚ್ಚಬೇಡಿ. ಮಂಗಳವಾರ ರಾತ್ರಿ 2ರಿಂದ 6, ಶುಕ್ರವಾರ ಮಧ್ಯಾಹ್ನ ಡಯಾಲಿಸಿಸ್‌ಗೆ ಜೊತೆ ಹೋಗುವುದು, ಈ ಎರಡು ಜಾಗ ಇನ್ನೂ ಖಾಲಿ.