ಮುಟ್ಟಿ ನೋಡಿದ ಎಲ್ಲರಿಗೂ

ನಮ್ಮ ಮಕ್ಕಳು ಹೊಲಿದ ಕೌದಿ ಡಿಸೆಂಬರ್ 1ರ ವಿಶ್ವ ಏಡ್ಸ್ ದಿನದಂದು ಬಾಗಲಕೋಟೆಯಲ್ಲಿ ಮೊದಲ ಸಲ ಜನರ ಮುಂದೆ ಬಂತು. ಆಮೇಲೆ ಗುಳೇದಗುಡ್ಡ, ಇಳಕಲ್ ಸುತ್ತಿ, ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಗೂ ಹೋಗಿ ಮೊನ್ನೆ ವಾಪಸ್ ಬಂದಿದೆ. ಇದಕ್ಕೆ ಕೈ ಹಾಕಿದವರು ತುಂಬಾ ಜನ. ಎಲ್ಲರನ್ನೂ ಕಂಡು ಮಾತಾಡಲು ಆಗಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ನಾನು ಚಿತ್ರಕಲೆ ಹೇಳಿಕೊಡುವವಳು. ಭಾನುವಾರ ನನ್ನ ಹತ್ತಿರ ಬರುವ ಮಕ್ಕಳೆಲ್ಲ ಎಚ್‌ಐವಿಯಿಂದ ಅಪ್ಪನನ್ನೋ ಅವ್ವನನ್ನೋ ಕಳೆದುಕೊಂಡವರು. ಕೆಲವರಿಗೆ ಇಬ್ಬರೂ ಇಲ್ಲ. ಹೆಚ್ಚಿನವರು ಅಜ್ಜಿ ಮನೆಯಲ್ಲಿ ಬೆಳೆಯುತ್ತಿದ್ದಾರೆ. ಇವರಲ್ಲಿ ಬಹಳ ಮಕ್ಕಳಿಗೆ ವೈರಸ್ ಇಲ್ಲವೇ ಇಲ್ಲ. ಇರುವವರು ದಿನಾ ತಪ್ಪದೆ ಗುಳಿಗೆ ತಗೊಂಡು ಶಾಲೆಗೆ ಹೋಗುತ್ತಾರೆ, ಕಬಡ್ಡಿ ಆಡುತ್ತಾರೆ. ಆದರೆ ಊರಿನ ಬಾಯಲ್ಲಿ ಎಲ್ಲರೂ ಒಂದೇ, ‘ಆ ಬ್ಯಾನಿ ಮನಿ ಹುಡುಗರು’.

ಮೊದಲು ಚಿತ್ರ ಬರೆಸಿ ಪ್ರದರ್ಶನ ಇಡೋಣ ಅಂತಿದ್ದೆ. ಕೌದಿಯ ಮಾತು ತೆಗೆದಿದ್ದು ಮಕ್ಕಳೇ. ಯಾಕೆ ಅಂದರೆ, ಇವರ ಮನೆಗಳಲ್ಲಿ ಸಾವಾದಾಗ ನಂಟರು ಮೊದಲು ಮಾಡಿದ ಕೆಲಸ ಸತ್ತವರ ಬಟ್ಟೆ, ಹಾಸಿಗೆ ಸುಟ್ಟಿದ್ದು. ಹೆದರಿಕೆಗೆ ಸುಟ್ಟರು. ಎಚ್‌ಐವಿ ಬಟ್ಟೆಯಿಂದ ಬರುವುದಿಲ್ಲ, ಹಾಸಿಗೆಯಿಂದ ಬರುವುದಿಲ್ಲ, ಒಂದೇ ತಾಟಿನಲ್ಲಿ ಉಂಡರೂ ಬರುವುದಿಲ್ಲ. ಇದನ್ನು ಆವತ್ತು ಅವರಿಗೆ ಕೂತು ಹೇಳುವವರು ಇರಲಿಲ್ಲ. ಹಾಗಾಗಿ ಎಷ್ಟೋ ಮಕ್ಕಳ ಹತ್ತಿರ ಅವ್ವನ ಒಂದು ಸೀರೆಯೂ ಉಳಿದಿಲ್ಲ. ಉಳಿದವರ ಮನೆಯಲ್ಲಿ ಅಜ್ಜಿಯರು ಅದನ್ನು ಬಚ್ಚಿಟ್ಟಿದ್ದರು. ಒಬ್ಬರು ಜೋಳದ ಚೀಲದ ಒಳಗೆ ಇಟ್ಟು ಕಾಪಾಡಿದ್ದರಂತೆ. ಜನ ಹೆದರಿದ ಅದೇ ಬಟ್ಟೆಗಳಿಂದ ಈ ಕೌದಿ ಆಗಿದೆ.

ಆ ಅಜ್ಜಿಯರಿಗೆ ನನ್ನ ಮೊದಲ ನಮಸ್ಕಾರ. ತುಂಡುಗಳನ್ನು ಹೇಗೆ ಜೋಡಿಸಬೇಕು, ಅಂಚಿನಿಂದ ಶುರುಮಾಡಿ ಸುತ್ತ ಸುತ್ತ ಒಳಗೆ ಹೊಲಿಯುತ್ತಾ ಹೇಗೆ ಹೋಗಬೇಕು, ಎಲ್ಲ ಅವರೇ ಕಲಿಸಿದರು. ಬಟ್ಟೆ ಉಳಿಯದ ಮಕ್ಕಳು ಬಿಳಿ ಧೋತರದ ತುಂಡಿನ ಮೇಲೆ ನೆನಪಿದ್ದನ್ನು ಬರೆದು ಹೊಲಿದರು. ಒಬ್ಬಳು ಅಪ್ಪನ ಲಾರಿ ಬರೆದಳು. ಇನ್ನೊಬ್ಬಳು ಅವ್ವನ ಎಲೆ ಅಡಿಕೆ ಚೀಲ ಬರೆದಳು. ಒಂದು ಹುಡುಗ, ತುಂಬಾ ಚಿಕ್ಕವನಿದ್ದಾಗಲೇ ಇಬ್ಬರೂ ಹೋಗಿದ್ದರಿಂದ, ಬರೀ ನೀಲಿ ಬಣ್ಣ ತುಂಬಿದ. ಆ ತುಂಡಿಗೂ ಉಳಿದವುಗಳಷ್ಟೇ ಜಾಗ ಇದೆ. ಮತ್ತೊಬ್ಬ ಅವ್ವನ ಇಳಕಲ್ ಸೀರೆ ತಂದು ನನ್ನ ಕೈಯಲ್ಲಿಟ್ಟು, ‘ಅಕ್ಕಾರ, ಇದಕ್ಕ ಕತ್ತರಿ ಹಾಕಬ್ಯಾಡ್ರಿ’ ಅಂದ. ಹಾಕಲಿಲ್ಲ. ಕೆಂಪು ಸೆರಗು ಕಾಣುವ ಹಾಗೆ ಇಡೀ ಸೀರೆಯನ್ನೇ ಕೌದಿಯ ಬೆನ್ನಿಗೆ ಹಾಸಿ ಹೊಲಿದೆವು. ಕೊನೆಯ ತುಂಡು ಮುಚ್ಚುವ ಮುಂಚೆ ಹಿರಿಯ ಅಜ್ಜಿ ಅದರೊಳಗೆ ಒಂದು ಚೂರು ಹೋಳಿಗೆ ಇಟ್ಟರು. ‘ಕೌದಿ ಹಸಕೊಂಡು ಇರಬಾರದವ್ವಾ’ ಅಂದರು.

ಕೌದಿಯಲ್ಲಿ ಯಾಕೆ ಹೆಸರುಗಳಿಲ್ಲ ಅಂತ ಹಲವರು ಕೇಳಿದರು. ಅಮೆರಿಕದಲ್ಲಿ 1987ರಲ್ಲಿ ಏಡ್ಸ್‌ನಿಂದ ತೀರಿಕೊಂಡವರ ನೆನಪಿಗೆ ದೊಡ್ಡ ಕೌದಿಯೊಂದನ್ನು ವಾಷಿಂಗ್ಟನ್‌ನಲ್ಲಿ ಹಾಸಿದ್ದರು. ಒಂದೊಂದು ತುಂಡು 3 ಅಡಿ ಅಗಲ, 6 ಅಡಿ ಉದ್ದ, ಒಂದು ಸಮಾಧಿಯ ಅಳತೆ. ಆವತ್ತೇ 1,920 ತುಂಡುಗಳಿದ್ದವು, ಈಗ ಸುಮಾರು 50,000 ಆಗಿವೆ. ಅಲ್ಲಿ ಹೆಸರು ಬರೆಯುವುದೇ ಮುಖ್ಯವಾಗಿತ್ತು, ಅದು ಸರಿಯೂ ಹೌದು. ನಮ್ಮ ಮಕ್ಕಳು ಮಾತ್ರ ನಾಳೆ ಅದೇ ಓಣಿಯಲ್ಲಿ ಓಡಾಡಬೇಕು, ಅದೇ ಬಸ್ಸು ಹತ್ತಬೇಕು. ಅವರ ಗುರುತು ಹೊರಗೆ ಹಾಕುವುದಕ್ಕೆ ಕಾನೂನೂ ಬಿಡುವುದಿಲ್ಲ. ಫೋಟೊ ತೆಗೆದರೆ ಮುಖ ಮಸುಕು ಮಾಡಬೇಕು. ಮುಖ ಮಸುಕಾದ ಮಗುವನ್ನು ನೋಡಿದವರಿಗೆ ಅಯ್ಯೋ ಪಾಪ ಅನಿಸುತ್ತದೆ, ಅಷ್ಟೇ. ಆ ಮಗು ಏನು ಯೋಚಿಸುತ್ತದೆ ಅಂತ ತಿಳಿಯುವುದಿಲ್ಲ. ಲಾರಿಯ ಚಿತ್ರದ ಮುಂದೆ ನಿಂತವರು ಹಾಗಲ್ಲ, ‘ಇದರ ಮೇಲೆ ಏನು ಬರೆದಿದೆ?’ ಅಂತ ಬಗ್ಗಿ ಓದುತ್ತಿದ್ದರು.

ಶುರುವಿನಲ್ಲಿ ಕಷ್ಟವಾಯಿತು. ಮಾತು ಕೊಟ್ಟಿದ್ದ ಒಂದು ಹಾಲ್‌ನವರು ವಿಷಯ ಏನು ಅಂತ ಗೊತ್ತಾದ ಮೇಲೆ ಆಗುವುದಿಲ್ಲ ಅಂದರು. ಆವತ್ತು ಮಕ್ಕಳ ಮುಖ ನೋಡಲು ನನ್ನಿಂದ ಆಗಲಿಲ್ಲ. ಮಾರನೇ ದಿನ ತಮ್ಮ ಮನೆಯ ಪಡಸಾಲೆಯನ್ನೇ ಖಾಲಿ ಮಾಡಿಕೊಟ್ಟ ನಿವೃತ್ತ ಮೇಷ್ಟ್ರು ದಂಪತಿಗೆ ನಾವು ಎಂದಿಗೂ ಋಣಿ. ಗುಳೇದಗುಡ್ಡದಲ್ಲಿ ಮಗ್ಗದ ಮನೆಯವರು ಖಣದ ತುಂಡುಗಳನ್ನು ಸುಮ್ನೆ ಕೊಟ್ಟರು. ಕೌದಿಯ ಅಂಚು ಅಷ್ಟು ಚೆಂದ ಕಾಣುವುದು ಅವರಿಂದ.

ಬನಶಂಕರಿ ಜಾತ್ರೆಯ ಬಗ್ಗೆ ಎಷ್ಟು ಬರೆದರೂ ಕಡಿಮೆಯೇ. ಅಲ್ಲಿ ನಾಟಕ ಕಂಪನಿಗಳು ಸಾಲಾಗಿ ಟೆಂಟ್ ಹಾಕಿರುತ್ತವೆ. ಒಂದು ಕಂಪನಿಯ ಮಾಲೀಕರು ಟಿಕೆಟ್ ಕೌಂಟರ್ ಪಕ್ಕದಲ್ಲೇ ಜಾಗ ಕೊಟ್ಟರು, ಬಾಡಿಗೆ ಬೇಡ ಅಂದರು, ಲೈಟನ್ನೂ ಅವರೇ ಹಾಕಿಸಿದರು. ಮಕ್ಕಳು ಒಂದು ಬೋರ್ಡ್ ಬರೆದು ನಿಲ್ಲಿಸಿದ್ದರು: ‘ಮುಟ್ಟಿ ನೋಡಿರಿ’. ಮೊದಲು ಜನ ದೂರದಿಂದಲೇ ಓದಿ ಹೋಗುತ್ತಿದ್ದರು. ಆಮೇಲೆ ಬಳೆ ಅಂಗಡಿಯ ಒಬ್ಬ ತಾಯಿ ಬಂದು, ಹೊಲಿಗೆಯ ಮೇಲೆ ಕೈಯಾಡಿಸಿ, ‘ಚಳಿ ಭಾಳ ಐತಿ’ ಅಂತ ಅದರ ಒಂದು ತುದಿಯನ್ನು ಹೆಗಲ ಮೇಲೆ ಎಳೆದುಕೊಂಡು ಕೂತೇ ಬಿಟ್ಟರು. ಕೂತು ಪ್ರತಿ ತುಂಡಿನ ಕಥೆ ಕೇಳಿದರು. ಅವರನ್ನು ನೋಡಿ ಉಳಿದವರೂ ಬಂದರು. ತಾಯೀ, ನಿಮ್ಮ ಹೆಸರು ಕೇಳಲು ಆಗಲಿಲ್ಲ. ಆ ದಿನ ನಮ್ಮ ಮಕ್ಕಳು ಎಷ್ಟು ಖುಷಿಯಾಗಿದ್ದರು ಅಂತ ನಿಮಗೆ ಗೊತ್ತಾಗಬೇಕು.

ಕೌದಿ ನೋಡಲು ಬಂದಿದ್ದ ಒಬ್ಬ ವಕೀಲರಿಂದ ಆದ ಉಪಕಾರವನ್ನೂ ಹೇಳಲೇಬೇಕು. ನಮ್ಮಲ್ಲಿ ಒಬ್ಬಳು ಅಕ್ಕ ಇದ್ದಾಳೆ, ಅವಳಿಗಿನ್ನೂ ಹದಿನೆಂಟು ಆಗಿಲ್ಲ. ತಮ್ಮನ ಶಾಲೆಗೆ, ಬ್ಯಾಂಕಿಗೆ ಹೋದಾಗಲೆಲ್ಲ ‘ದೊಡ್ಡವರನ್ನು ಕರಕೊಂಡು ಬಾ’ ಅನ್ನುತ್ತಿದ್ದರು. ದೊಡ್ಡವರನ್ನು ಎಲ್ಲಿಂದ ತರುತ್ತಾಳೆ? 2017ರ ಎಚ್‌ಐವಿ ಕಾಯ್ದೆಯಲ್ಲಿ ಇದಕ್ಕೆ ದಾರಿ ಇದೆ ಅಂತ ಆ ವಕೀಲರು ತೋರಿಸಿದರು. ಎಚ್‌ಐವಿ ಬಾಧಿತ ಕುಟುಂಬದಲ್ಲಿ 12 ವರ್ಷ ತುಂಬಿದ, ಸಾಕಷ್ಟು ತಿಳಿವಳಿಕೆ ಇದ್ದು ಮನೆ ನಡೆಸುತ್ತಿರುವ ಅಕ್ಕ ಅಥವಾ ಅಣ್ಣ, ತಮ್ಮ ತಂಗಿಯರಿಗೆ ಪೋಷಕರಾಗಿ ನಿಲ್ಲಬಹುದು. ಶಾಲೆಗೆ ಸೇರಿಸುವುದು, ಬ್ಯಾಂಕ್ ಖಾತೆ, ಚಿಕಿತ್ಸೆ, ಆಸ್ತಿ ನೋಡಿಕೊಳ್ಳುವುದು, ಎಲ್ಲಕ್ಕೂ ಇದು ನಡೆಯುತ್ತದೆ. 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿರುವ ಈ ಕಾನೂನು ನಮ್ಮ ಕಡೆ ಎಷ್ಟು ಜನರಿಗೆ ಗೊತ್ತಿದೆ ಹೇಳಿ. ದಯವಿಟ್ಟು ನಿಮಗೆ ಗೊತ್ತಿರುವ ಶಿಕ್ಷಕರಿಗೆ, ಬ್ಯಾಂಕಿನವರಿಗೆ ಇದನ್ನು ಹೇಳಿ.

ಎಚ್‌ಐವಿಗೆ ಗುಳಿಗೆ ಕೊಡುವ ಎಆರ್‌ಟಿ ಸೆಂಟರ್‌ನ ಆಪ್ತ ಸಮಾಲೋಚಕಿಯರು ರಜೆ ದಿನ ಬಂದು ನಮ್ಮ ಜೊತೆ ನಿಂತರು. 2004ರಿಂದ ಸರ್ಕಾರ ಈ ಗುಳಿಗೆಗಳನ್ನು ಉಚಿತವಾಗಿ ಕೊಡುತ್ತಿದೆ. ಗರ್ಭಿಣಿಯರು ಬೇಗ ಪರೀಕ್ಷೆ ಮಾಡಿಸಿ ಗುಳಿಗೆ ಶುರುಮಾಡಿದರೆ ಮಗುವಿಗೆ ಸೋಂಕು ತಗಲುವ ಸಾಧ್ಯತೆ ತೀರಾ ಕಡಿಮೆ. ಇಷ್ಟಿದ್ದರೂ ನಾಚಿಕೆಗೆ, ಹೆದರಿಕೆಗೆ ತಡಮಾಡಿ ಹೋಗುವವರಿದ್ದಾರೆ. ಜಾತ್ರೆಯಲ್ಲಿ ಕೌದಿ ನೋಡಿ, ಸ್ವಲ್ಪ ಹೊತ್ತು ಅಲ್ಲೇ ಸುಳಿದಾಡಿ, ಆಮೇಲೆ ಮೆಲ್ಲಗೆ ಬಂದು ‘ಪರೀಕ್ಷೆ ಎಲ್ಲಿ ಮಾಡತಾರ್ರಿ?’ ಅಂತ ಕೇಳಿದವರಿದ್ದರು. ಅವರ ಧೈರ್ಯಕ್ಕೆ ಕೈ ಮುಗಿಯುತ್ತೇನೆ. ಎದುರಿಗೆ ಕೇಳಲು ಆಗದವರು ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಬಹುದು, ದುಡ್ಡು ಬೀಳುವುದಿಲ್ಲ.

ಬೆಂಗಳೂರಿನಿಂದ ಬಂದಿದ್ದ ಒಬ್ಬರು ಕೌದಿಯನ್ನು ಒಳ್ಳೆಯ ಬೆಲೆಗೆ ಕೊಳ್ಳುತ್ತೇವೆ ಅಂದರು. ಅವರ ಮನಸ್ಸು ದೊಡ್ಡದು. ಮಕ್ಕಳು ಕೂತು ಮಾತಾಡಿಕೊಂಡು ಬೇಡ ಅಂತ ತೀರ್ಮಾನಿಸಿದರು. ಶಾಲೆಯ ಪರೀಕ್ಷೆಗಳು ಮುಗಿದ ಮೇಲೆ ಅದನ್ನು ಹಳ್ಳಿಯ ಶಾಲೆಗಳಿಗೆ ಒಯ್ಯಬೇಕು ಅನ್ನುವುದು ಅವರ ಆಸೆ, ಮೊದಲ ಊರು ಯಾವುದು ಅಂತಲೂ ಅವರೇ ಆರಿಸಿದ್ದಾರೆ. ಇಲಿ ಕಡಿಯದ ಹಾಗೆ ಇಡಲು ಒಂದು ಗಟ್ಟಿ ಪೆಟ್ಟಿಗೆ ಬೇಕಿತ್ತು. ಮಾಡಿಕೊಡುತ್ತೇನೆ ಅಂತ ಈಗಾಗಲೇ ಅಳತೆ ತಗೊಂಡು ಹೋಗಿರುವ ಬಡಿಗ ಕಾಕಾ, ನಿಮಗೂ ಮಕ್ಕಳೆಲ್ಲರ ಪರವಾಗಿ ಧನ್ಯವಾದ.