ಹೈಡಾಟಿಡ್ ಗಡ್ಡೆಯ ರಕ್ತಪರೀಕ್ಷೆ ಬದಲಾಗುತ್ತಿದೆ: ನಮ್ಮ ಗ್ರಾಹಕರಿಗೆ ಪತ್ರ

ಹುಬ್ಬಳ್ಳಿ

ನಮ್ಮಲ್ಲಿಗೆ ಬರುವ ಎಲ್ಲ ಗ್ರಾಹಕರಿಗೆ, ಧಾರವಾಡ, ಗದಗ, ಹಾವೇರಿ ಕಡೆಯಿಂದ ರಕ್ತದ ಮಾದರಿ ಕಳಿಸುವ ವೈದ್ಯರಿಗೆ ನಮಸ್ಕಾರ.

ಬರುವ ತಿಂಗಳ ಒಂದನೇ ತಾರೀಖಿನಿಂದ ನಮ್ಮ ಪ್ರಯೋಗಾಲಯದಲ್ಲಿ ಹೈಡಾಟಿಡ್ ಗಡ್ಡೆಯ ರಕ್ತಪರೀಕ್ಷೆ ಹೊಸ ಕಿಟ್‌ನಲ್ಲಿ ನಡೆಯುತ್ತದೆ. ಹೈಡಾಟಿಡ್ ಎಂದರೆ ಒಂದು ಲಾಡಿಹುಳದ ಮರಿ ಲಿವರು, ಪುಪ್ಪುಸಗಳಲ್ಲಿ ಕಟ್ಟುವ, ನೀರು ತುಂಬಿದ ಗಡ್ಡೆ; ಅದು ಕುರಿಗೂ ಮನುಷ್ಯರಿಗೂ ಬರುತ್ತದೆ. ಇಷ್ಟು ವರ್ಷ ಬಳಸಿದ ಕಿಟ್‌ಗೆ ಆಧಾರವಾಗಿದ್ದದ್ದು ಕುರಿಯ ಗಡ್ಡೆಯಿಂದ ತೆಗೆದ ನೀರು. ಹೊಸದರಲ್ಲಿ ಇರುವುದು ರಿಕಾಂಬಿನೆಂಟ್ ಆ್ಯಂಟಿಜೆನ್, ಅಂದರೆ ಬ್ಯಾಕ್ಟೀರಿಯಾದಿಂದ ತಯಾರಿಸಿದ ಹುಳದ ಪ್ರೋಟೀನು. ದರ ಸ್ವಲ್ಪ ಏರಿದೆ, ಪಟ್ಟಿಯನ್ನು ಕೌಂಟರಿನಲ್ಲಿ ಹಚ್ಚಿದ್ದೇವೆ. ದುಡ್ಡು ಹೆಚ್ಚು ಕೇಳುವಾಗ ಕಾರಣವನ್ನೂ ಪೂರ್ತಿ ಹೇಳಬೇಕು.

ಹೋದ ವರ್ಷ ಶಿಗ್ಗಾವಿ ಕಡೆಯ ಕುರಿಗಾರರೊಬ್ಬರ ರಕ್ತ ನಮ್ಮಲ್ಲಿಗೆ ಬಂತು. ಸ್ಕ್ಯಾನಿಂಗ್‌ನಲ್ಲಿ ಲಿವರಿನೊಳಗೆ ನೀರು ತುಂಬಿದ ಗುಳ್ಳೆ ಕಂಡಿತ್ತು. ನಾವು ಪಾಸಿಟಿವ್ ಎಂದು ಬರೆದುಕೊಟ್ಟೆವು. ಆಪರೇಷನ್ ಖರ್ಚಿಗೆಂದು ಮನೆಯವರು ಕುರಿ ಮಾರಿದರು. ಅವರ ವೈದ್ಯರಿಗೆ ಮಾತ್ರ ಸಂಶಯ ಹೋಗಲಿಲ್ಲ. ಗುಳ್ಳೆಯ ಗೋಡೆ ತೀರ ತೆಳು, ಒಳಗೆ ಹೈಡಾಟಿಡ್ಡಿನ ಗುರುತಾದ ಕಳಚಿದ ಪೊರೆಯಿಲ್ಲ, ಮರಿಗುಳ್ಳೆಯಿಲ್ಲ. ಹಳೆಯ ಕಾಗದ ತೆಗೆಸಿ ನೋಡಿದಾಗ, ವರ್ಷಗಳ ಹಿಂದೆ ಫಿಟ್ಸ್ ಬಂದು ಅವರ ಮಿದುಳಿನಲ್ಲಿ ಹಂದಿ ಲಾಡಿಹುಳದ ಮರಿಗಳು ಪತ್ತೆಯಾಗಿದ್ದದ್ದು ತಿಳಿಯಿತು. ನಮ್ಮ ಪರೀಕ್ಷೆ ಹಿಡಿದದ್ದು ಆ ಹುಳದ ವಿರುದ್ಧ ಮೈಯಲ್ಲಿ ಹುಟ್ಟಿದ ರಕ್ಷಣೆಯ ಪ್ರೋಟೀನುಗಳನ್ನು, ಅಂದರೆ ಪ್ರತಿಕಾಯಗಳನ್ನು. ಲಿವರಿನ ಗುಳ್ಳೆ ನಿರುಪದ್ರವಿ. ಆಪರೇಷನ್ ತಪ್ಪಿತು, ಮಾರಿದ ಕುರಿ ಮರಳಿ ಬರಲಿಲ್ಲ. ಆ ಮನೆಯವರ ಕ್ಷಮೆ ಕೇಳಿದ್ದೇವೆ, ಇಲ್ಲಿಯೂ ಕೇಳುತ್ತೇವೆ.

ಹೀಗೇಕೆ ಆಗುತ್ತದೆ? ಗಡ್ಡೆಯ ನೀರಿನಲ್ಲಿ ಹುಳದ ಪ್ರೋಟೀನುಗಳು ಹಲವು, ಕುರಿಯ ರಕ್ತದ ಪ್ರೋಟೀನುಗಳೂ ಸೇರಿರುತ್ತವೆ. ಹೈಡಾಟಿಡ್ ತರುವ ಎಕಿನೋಕಾಕಸ್ ಮತ್ತು ಹಂದಿ ಲಾಡಿಹುಳ ಒಂದೇ ಕುಟುಂಬದ ದಾಯಾದಿಗಳು. ಇಬ್ಬರ ಮೈಮೇಲೂ ಒಂದೇ ಬಗೆಯ ಸಕ್ಕರೆಯ ಸರಪಳಿಗಳು, ಹತ್ತಿರದ ಪ್ರೋಟೀನುಗಳು ಇರುತ್ತವೆ. ನಮ್ಮ ಊರುಗಳಲ್ಲಿ ಅಡ್ಡಹೆಸರು ಹಿಡಿದು ಕೂಗಿದರೆ ಅರ್ಧ ಓಣಿ ಓಗೊಡುತ್ತದಲ್ಲ, ಹಾಗೆ. ಮೇಲಾಗಿ ಈ ನೀರು ಬರುವುದು ಕಸಾಯಿಖಾನೆಯ ಕುರಿಗಳಿಂದ. ಒಂದು ಬಾರಿಯದು ಇನ್ನೊಂದು ಬಾರಿಯಂತೆ ಇರುವುದಿಲ್ಲ.

ಹೊಸ ಕಿಟ್ ಹೆಸರು ಹಿಡಿದು ಕೂಗುತ್ತದೆ. ಗಡ್ಡೆಯ ನೀರಿನ ಮುಖ್ಯ ಪ್ರೋಟೀನುಗಳಲ್ಲಿ ಒಂದು ಆ್ಯಂಟಿಜೆನ್ ಬಿ. ಅದರ ಒಂದು ಸಣ್ಣ ಘಟಕ ಸುಮಾರು 8 ಕಿಲೋಡಾಲ್ಟನ್ (ಅಣುಗಳ ತೂಕದ ಅಳತೆ) ತೂಗುತ್ತದೆ. ಆ ಘಟಕದ ಜೀನನ್ನು ಇ. ಕೋಲಿ ಬ್ಯಾಕ್ಟೀರಿಯಾದೊಳಗೆ ಸೇರಿಸಿ, ಅದರಿಂದ ಪ್ರೋಟೀನು ತಯಾರಿಸಿ, ಶುದ್ಧಿ ಮಾಡುತ್ತಾರೆ. ಕುರಿಯೂ ಬೇಡ, ಹುಳವೂ ಬೇಡ. ಹುಳ ಅಂಟಿಸುವ ಸಕ್ಕರೆಯನ್ನು ಬ್ಯಾಕ್ಟೀರಿಯಾ ಅಂಟಿಸುವುದಿಲ್ಲವಾದ್ದರಿಂದ ಗೊಂದಲದ ಒಂದು ದೊಡ್ಡ ಮೂಲವೇ ಇಲ್ಲವಾಗುತ್ತದೆ. ಆದರೆ ಶುದ್ಧಿ ಸರಿಯಾಗಿರಬೇಕು, ಯಾಕೆಂದರೆ ಇ. ಕೋಲಿ ನಮ್ಮೆಲ್ಲರ ಕರುಳಲ್ಲೂ ಇದೆ, ಅದರ ವಿರುದ್ಧದ ಪ್ರತಿಕಾಯಗಳೂ ನಮ್ಮ ರಕ್ತದಲ್ಲಿರುತ್ತವೆ. ಅದಕ್ಕೇ ಪ್ರತಿ ಹೊಸ ಬ್ಯಾಚನ್ನು, ಆಪರೇಷನ್ನಿನಲ್ಲಿ ರೋಗ ಖಚಿತವಾದವರ ಸೀರಮ್ಮಿನ (ರಕ್ತದ ತಿಳಿನೀರಿನ) ಜೊತೆಗೂ ಆರೋಗ್ಯವಂತರ ಸೀರಮ್ಮಿನ ಜೊತೆಗೂ ಹಚ್ಚಿ ನೋಡಿದ ಮೇಲೆಯೇ ನಿಮ್ಮ ರಕ್ತಕ್ಕೆ ಬಳಸುತ್ತೇವೆ.

ಇದರ ಮಿತಿಯನ್ನೂ ತಿಳಿದಿರಿ. ಒಂದೇ ಪ್ರೋಟೀನನ್ನು ನೆಚ್ಚಿಕೊಂಡಾಗ ನಿಜವಾದ ರೋಗಿಗಳಲ್ಲಿ ಕೆಲವರು ಕೈತಪ್ಪುತ್ತಾರೆ. ಪುಪ್ಪುಸದ ಗಡ್ಡೆ, ಒಡೆಯದೆ ಗಟ್ಟಿಯಾಗಿ ಕುಳಿತ ಗಡ್ಡೆ, ಸುಣ್ಣಗಟ್ಟಿದ ಹಳೆಯ ಗಡ್ಡೆ ಇವುಗಳಲ್ಲಿ ರಕ್ತಪರೀಕ್ಷೆ ನೆಗೆಟಿವ್ ಬರಬಹುದು. ದಾಯಾದಿ ಹುಳದ ಗೊಂದಲ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಹಾಗಾಗಿ ಸ್ಕ್ಯಾನಿಂಗ್ ಮೊದಲು, ನಮ್ಮ ರಿಪೋರ್ಟು ಅದರ ಬೆನ್ನಿಗೆ. ವೈದ್ಯರಲ್ಲಿ ಒಂದು ಕೋರಿಕೆ: ಮಾದರಿಯ ಜೊತೆ ಸ್ಕ್ಯಾನ್ ವಿವರ ಮತ್ತು ಫಿಟ್ಸಿನ ಇತಿಹಾಸ ಎರಡು ಸಾಲು ಬರೆದು ಕಳಿಸಿ. ಅನುಮಾನವಿರುವ ಗುಳ್ಳೆಗೆ ಸಿದ್ಧತೆಯಿಲ್ಲದೆ ಸೂಜಿ ಚುಚ್ಚುವುದು ಅಪಾಯ, ನೀರು ಹೊಟ್ಟೆಯೊಳಗೆ ಸೋರಿದರೆ ತೀವ್ರ ಅಲರ್ಜಿಯಿಂದ ಜೀವಕ್ಕೇ ಕುತ್ತು ಬರಬಹುದು.

ಹಳೆಯ ರಿಪೋರ್ಟಿನ ಅಂಕಿಯನ್ನು ಹೊಸದರ ಜೊತೆ ಹೋಲಿಸಬೇಡಿ, ಅಳತೆಗೋಲೇ ಬೇರೆ. ಚಿಕಿತ್ಸೆಯಲ್ಲಿರುವವರ ರಕ್ತವನ್ನು ಹಳೆಯ ದಾಸ್ತಾನು ಮುಗಿಯುವವರೆಗೆ ಎರಡೂ ಕಿಟ್‌ನಲ್ಲಿ ಮಾಡಿ, ಒಂದಕ್ಕೇ ದರ ಹಿಡಿಯುತ್ತೇವೆ. ಆಪರೇಷನ್ ಆದ ಮೇಲೂ ಪ್ರತಿಕಾಯಗಳು ವರ್ಷಗಟ್ಟಲೆ ಉಳಿಯಬಹುದು. ಪಾಸಿಟಿವ್ ಎಂದ ಮಾತ್ರಕ್ಕೆ ರೋಗ ಮರಳಿತೆಂದು ಎದೆಗುಂದಬೇಡಿ. ರಕ್ತ ಕೊಡಲು ಉಪವಾಸ ಬೇಕಿಲ್ಲ.

ಹೊಲಗಳಲ್ಲಿ ಕುರಿ ತರುಬುವವರಿಗೆ ಈ ಪತ್ರವನ್ನು ಓದಿ ಹೇಳಿ. ಈ ರೋಗ ಮನುಷ್ಯರಿಂದ ಮನುಷ್ಯರಿಗೆ ಅಂಟುವುದಿಲ್ಲ. ಕುರಿಯ ಗಡ್ಡೆ ತಿಂದ ನಾಯಿಯ ಕರುಳಲ್ಲಿ ಹುಳ ಬೆಳೆಯುತ್ತದೆ, ಅದರ ಮಲದಲ್ಲಿ ಬಂದ ಮೊಟ್ಟೆ ನಮ್ಮ ಕೈಗೆ, ನೀರಿಗೆ, ಸೊಪ್ಪಿಗೆ ಸೇರುತ್ತದೆ. ಕುರಿ ಕೊಯ್ದಾಗ ಗುಳ್ಳೆಯಿರುವ ಲಿವರು, ಪುಪ್ಪುಸ ನಾಯಿಗೆ ಎಸೆಯದೆ ಸುಡಿ ಅಥವಾ ಆಳವಾಗಿ ಹುಗಿಯಿರಿ. ಪಶುವೈದ್ಯರನ್ನು ಕೇಳಿ ನಾಯಿಗೆ ಪ್ರಾಜಿಕ್ವಾಂಟೆಲ್ ಗುಳಿಗೆ ಕೊಡಿಸಿ.

ಹಿಂದೆ ನಮ್ಮಿಂದ ಪಾಸಿಟಿವ್ ರಿಪೋರ್ಟು ಪಡೆದು, ಸ್ಕ್ಯಾನಿಂಗ್‌ನಲ್ಲಿ ರೋಗ ಖಚಿತವಾಗದೆ ಉಳಿದವರು ಆ ಕಾಗದದೊಂದಿಗೆ ಬನ್ನಿ. ಹೊಸ ಕಿಟ್‌ನಲ್ಲಿ ಮತ್ತೊಮ್ಮೆ ಪರೀಕ್ಷೆ ಮಾಡಿಕೊಡುತ್ತೇವೆ, ಹಣ ತೆಗೆದುಕೊಳ್ಳುವುದಿಲ್ಲ.

ಇಂತಿ,
ಪ್ರಯೋಗಾಲಯದ ಎಲ್ಲ ಸಿಬ್ಬಂದಿಯ ಪರವಾಗಿ